ತಲೆಯೊಳಗಿನ ರಸಮಟ್ಟ

ಈ ಪುಸ್ತಕವನ್ನು ಒಂದು ಮೊಳ ದೂರದಲ್ಲಿ ಹಿಡಿದುಕೊಳ್ಳಿ. ಎಲೆಯ ಮುಂದೆ ಕೂತು 'ಇನ್ನು ಬೇಡ, ಸಾಕು' ಎನ್ನುವಾಗ ತಲೆಯಾಡಿಸುತ್ತೀರಲ್ಲ, ಹಾಗೆ ಎಡಕ್ಕೂ ಬಲಕ್ಕೂ ಬೇಗಬೇಗ ತಲೆಯಾಡಿಸುತ್ತ ಈ ಸಾಲನ್ನು ಓದಿ. ಅಂಥ ತೊಂದರೆಯೇನೂ ಆಗುವುದಿಲ್ಲ. ಈಗ ತಲೆಯನ್ನು ನೆಟ್ಟಗೆ ನಿಲ್ಲಿಸಿ ಪುಸ್ತಕವನ್ನು ಅಷ್ಟೇ ಬೇಗ ಅಲ್ಲಾಡಿಸಿ. ಅಕ್ಷರಗಳೆಲ್ಲ ಕಲಸಿಹೋದವು. ಕಣ್ಣು ಅದೇ, ಅಕ್ಷರ ಅದೇ, ವೇಗವೂ ಹೆಚ್ಚುಕಡಿಮೆ ಅದೇ. ಮೊದಲ ಸಲ ಮಾತ್ರ ಕಣ್ಣಿಗೆ ಪಕ್ಕದ ಮನೆಯವರ ನೆರವಿತ್ತು. ತಲೆ ಎತ್ತ ತಿರುಗುತ್ತಿದೆ, ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕಿವಿ ಹೇಳುತ್ತಿತ್ತು; ಅದರ ಮಾತು ಕೇಳಿ ಕಣ್ಣುಗುಡ್ಡೆ ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೊರಳುತ್ತಿತ್ತು. ಸುದ್ದಿ ಕಿವಿಯಿಂದ ಕಣ್ಣಿನ ಸ್ನಾಯುವಿಗೆ ಮುಟ್ಟಲು ಬೇಕಾದದ್ದು ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲು ಮಾತ್ರ.

ಕಿವಿ ಇರುವುದು ಕೇಳುವುದಕ್ಕೆ ಎಂದು ಒಂದನೇ ತರಗತಿಯಲ್ಲೇ ಕಲಿತಿದ್ದೇವೆ. ಅದು ಸುಳ್ಳಲ್ಲ, ಅರ್ಧ ನಿಜ. ಗಾರೆಕೆಲಸದವರ ಚೀಲದಲ್ಲಿ ರಸಮಟ್ಟ ಇರುತ್ತದೆ, ತೂಗುಗುಂಡು ಇರುತ್ತದೆ. ಒಂದು ನೆಲದ ಮಟ್ಟ ನೋಡುವುದಕ್ಕೆ, ಇನ್ನೊಂದು ಗೋಡೆಯ ನೇರ ನೋಡುವುದಕ್ಕೆ. ಅಂಥವೇ ಉಪಕರಣಗಳು ನಮ್ಮ ಎರಡೂ ಕಿವಿಗಳ ಆಳದಲ್ಲಿ ಹುಟ್ಟುವ ಮೊದಲೇ ಕೂತಿವೆ. ಜೀವಜಗತ್ತಿನ ಲೆಕ್ಕದಲ್ಲಿ ಅವೇ ಹಿರಿಯವು. ಮೀನಿಗೆ ಹಾಲೆಯಿಲ್ಲ, ತಮಟೆಯಿಲ್ಲ, ನಮ್ಮಂತೆ ಸುರುಳಿ ಸುತ್ತಿದ ಶಂಖವೂ ಇಲ್ಲ. ಆದರೆ ಸಮತೋಲದ ಮೂರು ಬಳೆಗಳೂ ಸುಣ್ಣದ ಹರಳುಗಳೂ ಇವೆ. ಸೂಕ್ಷ್ಮವಾಗಿ ಕೇಳುವುದು ಕಿವಿ ಆಮೇಲೆ ಕಲಿತ ಕಸುಬು. ಎರಡೂ ಕೆಲಸಕ್ಕೆ ಅದು ಬಳಸುವ ಹತಾರ ಒಂದೇ: ನೀರು, ಮತ್ತು ನೀರು ಅಲುಗಿದರೆ ಬಾಗುವ ಸಣ್ಣ ಕೂದಲು.

ಬಾವಿಯೊಳಗಿನವನಿಗೆ ದಂಡೆಯ ಮಾತು

ಹೊರಗೆ ಕಾಣುವ ಹಾಲೆಯಿಂದ ಶುರು ಮಾಡೋಣ. ಓಲೆ ತೂಗುವ ತುದಿಯನ್ನು ಬಿಟ್ಟರೆ ಅದು ಮೃದ್ವಸ್ಥಿಯ ಮಡಿಕೆ. ಆ ಏರಿಳಿತಗಳು ಬರಿಯ ಅಂದಕ್ಕಲ್ಲ. ಮುಂದಿನಿಂದ ಬಂದ ಸದ್ದು ಒಂದು ರೀತಿ, ಹಿಂದಿನಿಂದ ಬಂದದ್ದು ಇನ್ನೊಂದು ರೀತಿ ಆ ಮಡಿಕೆಗಳಿಗೆ ತಾಗಿ ಒಳಹೋಗುತ್ತದೆ. ಮುಂದೋ ಹಿಂದೋ, ಮೇಲೋ ಕೆಳಗೋ ಎಂಬುದನ್ನು ಮಿದುಳು ಅದರಿಂದಲೇ ಊಹಿಸುತ್ತದೆ. ಎಡವೋ ಬಲವೋ ತಿಳಿಯುವುದಕ್ಕೆ ಎರಡು ಕಿವಿಗಳೂ ಬೇಕು. ಬಲಗಡೆ ಯಾರಾದರೂ ಚಪ್ಪಾಳೆ ತಟ್ಟಿದರೆ ಸದ್ದು ತಲೆಯನ್ನು ಬಳಸಿ ಎಡಗಿವಿಗೆ ಬರುವಾಗ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ತಡವಾಗುತ್ತದೆ. ಮಿದುಳು ಅದರ ಇನ್ನೂ ಸಣ್ಣ ಭಾಗವನ್ನು, ಸೆಕೆಂಡಿನ ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ, ಗುರುತಿಸಬಲ್ಲದು.

ಹಾಲೆಯಿಂದ ಒಳಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಓಣಿ. ಅದರ ಗುಗ್ಗೆಯನ್ನು ಕೊಳೆ ಎಂದು ಬಗೆದು ಹೇರ್‌ಪಿನ್, ಬೆಂಕಿಕಡ್ಡಿ, ಬೈಕಿನ ಕೀ ಎಲ್ಲವನ್ನೂ ತೂರಿಸುವವರಿದ್ದಾರೆ. ಓಣಿಯ ಚರ್ಮ ತಮಟೆಯ ಕಡೆಯಿಂದ ಬಾಗಿಲ ಕಡೆಗೆ ತಾನಾಗಿ ನಿಧಾನವಾಗಿ ಸರಿಯುತ್ತಿರುತ್ತದೆ. ಧೂಳನ್ನು ಹಿಡಿದಿಟ್ಟ ಗುಗ್ಗೆ ಅದರ ಮೇಲೆ ಕೂತು ಹೊರಬರುತ್ತದೆ. ಕಡ್ಡಿ ಹಾಕಿದವರು ಹೊರಟದ್ದನ್ನು ಮತ್ತೆ ಒಳಕ್ಕೆ ನೂಕುತ್ತಾರೆ, ಅಷ್ಟೆ.

ಓಣಿಯ ಕೊನೆಯಲ್ಲಿ ತಮಟೆ. ದಪ್ಪ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆ, ಕೋಣೆಯಲ್ಲಿ ಒಂದಕ್ಕೊಂದು ಕೂಡಿಕೊಂಡ ಮೂರು ಎಲುಬುಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಕುದುರೆ ಸವಾರ ಕಾಲಿಡುವ ರಿಕಾಪಿನಂತೆಯೇ ಕಾಣುವ ಮೂರನೆಯದು ದೇಹದ ಅತಿ ಸಣ್ಣ ಎಲುಬು. ಉದ್ದ ಮೂರು ಮಿಲಿಮೀಟರಿಗೆ ತುಸು ಹೆಚ್ಚು, ತೂಕ ಸುಮಾರಾಗಿ ಒಂದು ರಾಗಿಕಾಳಿನಷ್ಟು.

ಇಷ್ಟು ಪರಿಕರ ಏಕೆ ಬೇಕು? ಬಾವಿಯಲ್ಲಿ ಮುಳುಗು ಹಾಕಿದ ಹುಡುಗನಿಗೆ ದಂಡೆಯಲ್ಲಿ ನಿಂತ ಅಮ್ಮ ಎಷ್ಟು ಕೂಗಿದರೂ ಕೇಳುವುದಿಲ್ಲ. ಅವನು ಮಾತು ಕೇಳದವನೆಂದಲ್ಲ. ಗಾಳಿಯಲ್ಲಿ ಬಂದ ಸದ್ದು ನೀರಿಗೆ ತಾಗಿದಾಗ ಅದರ ಶಕ್ತಿಯ ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗಿಳಿಯುತ್ತದೆ, ಉಳಿದದ್ದು ಪುಟಿದು ಹಿಂದೆ ಹೋಗುತ್ತದೆ. ನಮ್ಮ ಒಳಕಿವಿ ಆ ಬಾವಿಯ ಹುಡುಗನ ಹಾಗೆ ನೀರಿನಲ್ಲಿದೆ. ಹಾಗಾಗಿ ಸದ್ದಿನ ಒತ್ತಡವನ್ನು ಹೆಚ್ಚಿಸಿ ಒಳಗೆ ತಳ್ಳಬೇಕು. ಮೊಳೆಯ ತಲೆ ಅಗಲ, ತುದಿ ಚೂಪು. ತಲೆಗೆ ಕೊಟ್ಟ ಏಟು ತುದಿಯಲ್ಲಿ ಒಟ್ಟುಗೂಡಿ ಗೋಡೆಗೆ ಇಳಿಯುತ್ತದೆ. ಇಲ್ಲಿಯೂ ಹಾಗೆಯೇ. ಅಲುಗುವ ತಮಟೆಯ ಹರವು ಸುಮಾರು 55 ಚದರ ಮಿಲಿಮೀಟರ್, ರಿಕಾಪಿನ ಪಾದ 3 ಚದರ ಮಿಲಿಮೀಟರಿಗೆ ತುಸು ಹೆಚ್ಚು. ಇದರ ಜೊತೆಗೆ ಎಲುಬುಗಳ ಸನ್ನೆಗೋಲಿನ ಲಾಭವೂ ಸೇರಿ ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ದಂಡೆಯ ಮಾತು ಬಾವಿಯೊಳಕ್ಕೆ ಮುಟ್ಟುತ್ತದೆ.

ಈ ಎಲುಬುಗಳ ಹಿಂದೆ ಒಂದು ಹಳೆಯ ಕಥೆಯಿದೆ. ಜರ್ಮನಿಯ ಅಂಗರಚನಾ ವಿಜ್ಞಾನಿ ಕಾರ್ಲ್ ರೈಖರ್ಟ್ 1837ರಲ್ಲಿ ಭ್ರೂಣಗಳನ್ನು ಪರೀಕ್ಷಿಸಿ, ಹಲ್ಲಿ-ಹಾವುಗಳಲ್ಲಿ ದವಡೆಯ ಕೀಲಾಗಿರುವ ಎರಡು ಎಲುಬುಗಳೇ ಸಸ್ತನಿಗಳಲ್ಲಿ ಸುತ್ತಿಗೆ ಮತ್ತು ಅಡಿಗಲ್ಲಾಗಿವೆ ಎಂದು ತೋರಿಸಿದ. ಒಂದು ಕಾಲದಲ್ಲಿ ಅಗಿಯುತ್ತಿದ್ದದ್ದು ಈಗ ಆಲಿಸುತ್ತಿದೆ.

ಆಗುಂಬೆ ಘಾಟಿ ಇಳಿಯುವಾಗ ಕಿವಿ ಗಪ್ಪೆಂದು ಮುಚ್ಚಿಕೊಳ್ಳುವುದು ಇದೇ ನಡುಗಿವಿಯ ಕೋಣೆಯ ದೆಸೆಯಿಂದ. ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡ ಏರಿ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಶಿಯನ್ ನಾಳವೆಂಬ ಸುಮಾರು ಮೂರೂವರೆ ಸೆಂಟಿಮೀಟರಿನ ಹಾದಿಯಿದೆ. ಉಗುಳು ನುಂಗಿದರೆ, ಆಕಳಿಸಿದರೆ ಅದು ತೆರೆದು ಗಾಳಿ ಸರಿಹೋಗುತ್ತದೆ. ಮಕ್ಕಳಲ್ಲಿ ಈ ನಾಳ ಗಿಡ್ಡ, ಅಡ್ಡಡ್ಡ. ನೆಗಡಿಯ ಬೆನ್ನಿಗೇ ಮಕ್ಕಳ ಕಿವಿ ನೋಯುವುದು, ಸೋರುವುದು ಅದಕ್ಕೇ.

ಕೊಡವಿದ ಸೀರೆ

ರಿಕಾಪು ಕದ ತಟ್ಟುವುದು ಶಂಖದಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಕೊಳವೆಗೆ. ವೈದ್ಯರು ಅದನ್ನು ಕಾಕ್ಲಿಯ ಎನ್ನುತ್ತಾರೆ. ಇಡೀ ಶಂಖ ಬಟಾಣಿಕಾಳಿನಷ್ಟು. ಬಿಚ್ಚಿ ನೇರ ಮಾಡಿದರೆ ಸುಮಾರು 35 ಮಿಲಿಮೀಟರ್. ಕೊಳವೆಯ ಉದ್ದಕ್ಕೂ ನೀರಿನ ನಡುವೆ ಒಂದು ಪೊರೆ ಹಾಸಿದೆ.

ಪೊರೆ ಸ್ವರವನ್ನು ಹೇಗೆ ಬೇರೆಬೇರೆ ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ಹಂಗೇರಿಯ ಗೆಯೋರ್ಗ್ ಫಾನ್ ಬೆಕೆಶಿ. ಅವನು ವೈದ್ಯನಲ್ಲ, ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಾಲಯದ ಭೌತವಿಜ್ಞಾನಿ. ದೂರವಾಣಿಯನ್ನು ಸುಧಾರಿಸಬೇಕಾದರೆ ಆ ತುದಿಯಲ್ಲಿರುವ ಕಿವಿ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕಲ್ಲ ಎಂಬ ಪ್ರಶ್ನೆ ಅವನನ್ನು ಶವಾಗಾರದವರೆಗೆ ಕೊಂಡೊಯ್ದಿತು. ಸತ್ತವರ ಕಾಕ್ಲಿಯ ತೆರೆದು, ಪೊರೆಯ ಮೇಲೆ ಬೆಳ್ಳಿಯ ಕಣ ಉದುರಿಸಿ, ಮಿನುಗುವ ದೀಪದಡಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಕೊಡವಿದಾಗ ಒಂದು ಅಲೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಪೊರೆಯಲ್ಲಿಯೂ ಅಂಥದೇ ಅಲೆ ಓಡುವುದು ಕಂಡಿತು. ಪೊರೆ ರಿಕಾಪಿನ ಬಳಿ ಕಿರಿದು, ಬಿಗಿ; ಶಂಖದ ತುದಿಯಲ್ಲಿ ಅಗಲ, ಸಡಿಲ. ಕೊಳಲಿನ ತಾರಸ್ಥಾಯಿಯ ಸ್ವರ ಬಂದರೆ ಅಲೆ ಬಾಗಿಲ ಬಳಿಯೇ ಎದ್ದು ಅಲ್ಲಿಯೇ ಅಡಗುತ್ತದೆ. ಡೋಲಿನ ಗುಡುಗು ಬಂದರೆ ತುದಿಯವರೆಗೂ ಹೋಗಿ ಎದ್ದು ನಿಲ್ಲುತ್ತದೆ. ಎಲ್ಲಿ ಎದ್ದಿತು ಎಂಬುದೇ ಯಾವ ಸ್ವರ ಎಂಬುದಕ್ಕೆ ಉತ್ತರ. ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು.

ಪೊರೆಯ ಮೇಲೆ ಸಾಲಾಗಿ ನಿಂತಿವೆ ರೋಮಕೋಶಗಳು. ಇಟಲಿಯ ಅಲ್ಫಾನ್ಸೋ ಕೋರ್ಟಿ 1851ರಲ್ಲಿ ಇವುಗಳ ನೆಲೆಯನ್ನು ವಿವರಿಸಿದ. ಆ ಭಾಗಕ್ಕೆ ಇಂದಿಗೂ ಅವನದೇ ಹೆಸರು. ಪ್ರತಿ ಕೋಶದ ನೆತ್ತಿಯ ಮೇಲೆ ಮೆಟ್ಟಿಲಿನಂತೆ ಗಿಡ್ಡದಿಂದ ಉದ್ದಕ್ಕೆ ಜೋಡಿಸಿದ ಕೂದಲಿನ ಕುಚ್ಚು. ಗಿಡ್ಡ ಕೂದಲಿನ ತುದಿಯನ್ನು ಪಕ್ಕದ ಉದ್ದ ಕೂದಲಿಗೆ ಒಂದು ಎಳೆ ಕಟ್ಟಿ ಹಿಡಿದಿದೆ. ಕುಚ್ಚು ಬಾಗಿತೆಂದರೆ ಎಳೆ ಬಿಗಿಯಾಗಿ, ಹಗ್ಗ ಜಗ್ಗಿದರೆ ಕದ ತೆರೆದುಕೊಳ್ಳುವಂತೆ, ಕೋಶದ ಸಣ್ಣ ಬಾಗಿಲು ತೆರೆಯುತ್ತದೆ. ಹೊರಗಿನ ದ್ರವದಲ್ಲಿ ತುಂಬಿರುವ ಪೊಟ್ಯಾಸಿಯಂ ಒಳನುಗ್ಗುತ್ತದೆ, ಕೋಶದಲ್ಲಿ ವಿದ್ಯುತ್ ಬದಲಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಅತಿ ಮೆಲುದನಿಗೆ ಈ ಕುಚ್ಚು ಬಾಗುವುದು ಹೆಚ್ಚುಕಡಿಮೆ ಒಂದು ಪರಮಾಣುವಿನ ಅಗಲದಷ್ಟು.

ಸದ್ದು ಮಾಡುವ ಕಿವಿ

ಬೆಕೆಶಿಯ ಲೆಕ್ಕದಲ್ಲಿ ಒಂದು ಕೊರತೆಯಿತ್ತು. ಅವನು ಕಂಡ ಅಲೆ ಬಹಳ ಅಗಲ, ಮೊಂಡು. ಅಂಥ ಕಿವಿಯಿಂದ ಶ್ರುತಿ ಒಂದು ಕೂದಲೆಳೆ ಜಾರಿದರೆ ಗುರುತಿಸಲು ಆಗದು. ಆದರೆ ವೀಣೆಯ ಬಿರಡೆ ತಿರುಗಿಸುವವರು ದಿನವೂ ಗುರುತಿಸುತ್ತಾರೆ. ಸತ್ತ ಕಿವಿಗೂ ಬದುಕಿರುವ ಕಿವಿಗೂ ಏನೋ ವ್ಯತ್ಯಾಸವಿರಬೇಕು. ಒಳಕಿವಿ ಸದ್ದನ್ನು ಬರಿದೆ ಪಡೆಯುವುದಿಲ್ಲ, ತನ್ನ ಶಕ್ತಿ ಸೇರಿಸಿ ದೊಡ್ಡದು ಮಾಡುತ್ತದೆ. ಹಾಗಿದ್ದರೆ ಕಿವಿಯೇ ಸದ್ದು ಹೊರಡಿಸಲೂಬೇಕು ಎಂದು ಥಾಮಸ್ ಗೋಲ್ಡ್ ಎಂಬ ವಿಜ್ಞಾನಿ 1948ರಲ್ಲೇ ವಾದಿಸಿದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ, 1978ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ಓಣಿಯಲ್ಲಿ ಪುಟ್ಟ ಮೈಕು ಇಟ್ಟು, 'ಟಿಕ್' ಎಂಬ ಸದ್ದು ಕೊಟ್ಟು ಕಾದ. ಕೆಲವೇ ಮಿಲಿಸೆಕೆಂಡುಗಳಲ್ಲಿ ಕಿವಿ ಮರುದನಿ ಕೊಟ್ಟಿತು.

ಆ ದನಿಯ ಮೂಲ ಹೊರಸಾಲಿನ ರೋಮಕೋಶಗಳು. ಪ್ರತಿ ಕಿವಿಯಲ್ಲಿ ಒಳಸಾಲಿನ ಕೋಶಗಳು ಸುಮಾರು 3,500, ಹೊರಸಾಲಿನವು ಸುಮಾರು 12,000. ಮಿದುಳಿಗೆ ವರದಿ ಒಪ್ಪಿಸುವುದು ಬಹುಪಾಲು ಒಳಸಾಲಿನವೇ. ಹೊರಸಾಲಿನವು ಸದ್ದಿಗೆ ತಕ್ಕಂತೆ ಉದ್ದವಾಗುತ್ತ, ಗಿಡ್ಡವಾಗುತ್ತ ಕುಣಿಯುತ್ತವೆ. ಜೋಕಾಲಿಯನ್ನು ಸರಿಯಾದ ಗಳಿಗೆಗೆ ಮೀಟುವವರಂತೆ ಪೊರೆಯ ಅಲೆಯನ್ನು ಮೀಟಿ ಹೆಚ್ಚಿಸುತ್ತವೆ. ಕುಣಿಸುವ ಪ್ರೋಟೀನನ್ನು 2000ದಲ್ಲಿ ಗುರುತಿಸಿ, ಪಾಶ್ಚಾತ್ಯ ಸಂಗೀತದಲ್ಲಿ ದ್ರುತಗತಿಗೆ ಇರುವ 'ಪ್ರೆಸ್ಟೊ' ಎಂಬ ಮಾತಿನಿಂದ 'ಪ್ರೆಸ್ಟಿನ್' ಎಂದು ಹೆಸರಿಟ್ಟರು.

ಈ ಮರುದನಿ ಈಗ ಹಸುಗೂಸುಗಳ ಪಾಲಿಗೆ ವರ. ಕೂಸು ಮಲಗಿರುವಾಗಲೇ ಕಿವಿಗೆ ಪುಟ್ಟ ಬಿರಡೆಯಂಥ ಉಪಕರಣ ಇಟ್ಟು ಸದ್ದು ಕೊಡುತ್ತಾರೆ. ಮರುದನಿ ಬಂದರೆ ಒಳಗಿನ ಕೋಶಗಳು ಕುಣಿಯುತ್ತಿವೆ ಎಂದರ್ಥ. ಬಾರದಿದ್ದರೆ ಮುಂದಿನ ಪರೀಕ್ಷೆ ಬೇಕು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಈ ಪರೀಕ್ಷೆ ನಡೆಯುತ್ತದೆ. ಮಗು ಮಾತು ಕಲಿಯುವುದು ಕೇಳಿ ಕೇಳಿ. ಕೊರತೆ ಮೊದಲ ತಿಂಗಳುಗಳಲ್ಲೇ ತಿಳಿದರೆ ಶ್ರವಣ ಸಾಧನವೋ, ಕಾಕ್ಲಿಯದ ಒಳಗೆ ವಿದ್ಯುತ್ ತಂತಿ ಇಡುವ ಇಂಪ್ಲಾಂಟೋ ನೆರವಿಗೆ ಬರುತ್ತದೆ. 'ಇನ್ನೂ ಚಿಕ್ಕದು, ತಾನಾಗಿ ಮಾತಾಡುತ್ತೆ ಬಿಡಿ' ಎಂದು ಕಳೆದ ವರ್ಷಗಳು ಮತ್ತೆ ಸಿಗುವುದಿಲ್ಲ.

ತಂಬಿಗೆಯ ನೀರು

ಶಂಖದ ಬೆನ್ನಿಗೇ, ಅದೇ ಎಲುಬಿನ ಗೂಡಿನಲ್ಲಿ, ಮೂರು ಅರ್ಧಬಳೆಗಳಿವೆ. ಕೋಣೆಯ ಮೂಲೆಯಲ್ಲಿ ನೆಲವೂ ಎರಡು ಗೋಡೆಗಳೂ ಹೇಗೆ ಕೂಡುತ್ತವೆಯೋ ಹಾಗೆ ಒಂದಕ್ಕೊಂದು ಲಂಬವಾಗಿ ನಿಂತಿವೆ. ತಲೆಯನ್ನು ಹೇಗೇ ತಿರುಗಿಸಿದರೂ ಒಂದಾದರೂ ಬಳೆಗೆ ಗೊತ್ತಾಗಲೇಬೇಕು.

ಹೇಗೆ ಗೊತ್ತಾಗುತ್ತದೆ? ಅಡುಗೆಮನೆಯಿಂದ ಒಂದು ತಂಬಿಗೆ ನೀರು ತನ್ನಿ, ಮೇಲೆ ತುಳಸಿಯ ಎಲೆ ತೇಲಬಿಡಿ, ತಂಬಿಗೆಯನ್ನು ನಿಂತಲ್ಲೇ ಥಟ್ಟನೆ ತಿರುಗಿಸಿ. ತಂಬಿಗೆ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ನೀರು ಸೋಮಾರಿ, ಪಾತ್ರೆ ಹೊರಟ ಕೂಡಲೇ ಹೊರಡುವುದಿಲ್ಲ. ಬಳೆಯೊಳಗಿನ ದ್ರವವೂ ತಲೆ ತಿರುಗಿದಾಗ ಹಿಂದುಳಿಯುತ್ತದೆ. ಬಳೆಯ ಬುಡದಲ್ಲಿ ಅಡ್ಡ ನಿಂತ ಲೋಳೆಯ ಪರದೆ ಆ ದ್ರವದ ಒತ್ತಿಗೆ ಬಾಗುತ್ತದೆ, ಪರದೆಯಲ್ಲಿ ನಾಟಿಕೊಂಡ ರೋಮಕೋಶಗಳ ಕುಚ್ಚೂ ಬಾಗುತ್ತದೆ. ಶಂಖದಲ್ಲಿ ಕಂಡ ಅದೇ ಕುಚ್ಚು, ಅದೇ ಎಳೆ, ಅದೇ ಬಾಗಿಲು.

ತಂಬಿಗೆಯನ್ನು ತಿರುಗಿಸುತ್ತಲೇ ಇರಿ. ಸ್ವಲ್ಪ ಹೊತ್ತಿಗೆ ನೀರೂ ಜೊತೆಗೂಡಿ ತಿರುಗತೊಡಗುತ್ತದೆ. ಈಗ ಥಟ್ಟನೆ ನಿಲ್ಲಿಸಿ: ತಂಬಿಗೆ ನಿಂತರೂ ಎಲೆ ತಿರುಗುತ್ತಲೇ ಇದೆ. ಮಕ್ಕಳು ಅಂಗಳದಲ್ಲಿ ಕೈಹಿಡಿದು ಗಿರಗಿರನೆ ಸುತ್ತಿ ನಿಂತಾಗ ಲೋಕವೇ ಸುತ್ತುವುದು ಇದೇ ಕಾರಣಕ್ಕೆ. ಪರದೆ ಈಗ ಎದುರು ದಿಕ್ಕಿಗೆ ಬಾಗಿ, ಇಲ್ಲದ ಸುತ್ತಿನ ವರದಿ ಕಳಿಸುತ್ತಿದೆ. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ನೆಟ್ಟಗಾಗುತ್ತದೆ, ಲೋಕವೂ ನಿಲ್ಲುತ್ತದೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿಯೂರಿ ಸುತ್ತುಸುತ್ತುವ ಕಲಾವಿದರ ಕಿವಿಯಲ್ಲಿಯೂ ನೀರು ಹೀಗೆಯೇ ಓಡುತ್ತದೆ. ವರ್ಷಗಟ್ಟಲೆ ಅಭ್ಯಾಸದಿಂದ ಪಳಗುವುದು ಮಿದುಳು. ಕಿವಿಯ ಚಾಡಿಮಾತನ್ನು ಅದು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಈ ಬಳೆಗಳ ಕೆಲಸ ಜನಕ್ಕೆ ತಿಳಿಯಲು ಬಹಳ ಕಾಲ ಹಿಡಿಯಿತು. 1820ರ ದಶಕದಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ ಪಾರಿವಾಳದ ಒಂದು ಬಳೆ ಕತ್ತರಿಸಿದ. ಹಕ್ಕಿಗೆ ಸದ್ದು ಕೇಳುತ್ತಲೇ ಇತ್ತು, ಆದರೆ ತಲೆ ಆ ಬಳೆಯ ಸಮತಲದಲ್ಲೇ ತೂಗಾಡತೊಡಗಿತು. ಆಮೇಲಿನ ಕಥೆ ವಿಯೆನ್ನಾದ ಕಿವಿ ಆಸ್ಪತ್ರೆಯದು. ರಾಬರ್ಟ್ ಬಾರಾನಿ ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುತ್ತಿದ್ದಾಗ ಕೆಲವರು ತಲೆಸುತ್ತು ಎನ್ನುತ್ತಿದ್ದರು, ಅವರ ಕಣ್ಣುಗುಡ್ಡೆಗಳು ಒಂದು ಕಡೆಗೆ ಜಗ್ಗುತ್ತಿದ್ದವು. ಒಬ್ಬ ರೋಗಿ, ನೀರು ತಣ್ಣಗಿದ್ದರೆ ಹೀಗಾಗುತ್ತದೆ ಎಂದ. ಬಿಸಿ ಹೆಚ್ಚಾದ ನೀರಿಗೂ ತಲೆಸುತ್ತಿತು, ಆದರೆ ಕಣ್ಣು ಜಗ್ಗಿದ್ದು ಎದುರು ದಿಕ್ಕಿಗೆ. ಬಾರಾನಿಗೆ ಹೊಳೆಯಿತು: ಹಂಡೆಯಲ್ಲಿ ಕಾದ ನೀರು ಮೇಲೇಳುತ್ತದೆ, ತಣ್ಣಗಿನದು ಕೆಳಗಿಳಿಯುತ್ತದೆ, ಕಿವಿಯ ಬಳೆಯಲ್ಲೂ ಅದೇ ನಡೆದಿದೆ. ಇಂದಿಗೂ ವೈದ್ಯರು ಬಳಸುವ ಈ ಪರೀಕ್ಷೆ ಅವನಿಗೆ 1914ರ ನೊಬೆಲ್ ತಂದಿತು. ಸುದ್ದಿ ತಲುಪಿದಾಗ ಅವನು ರಷ್ಯದಲ್ಲಿ ಯುದ್ಧಕೈದಿ. ಕಥೆಗೊಂದು ಬಾಲವೂ ಇದೆ. ಭಾರವೇ ಇಲ್ಲದ ಅಂತರಿಕ್ಷದಲ್ಲಿ ಕಾದ ನೀರು ಮೇಲೇಳುವುದಿಲ್ಲ. ಆದರೂ 1983ರಲ್ಲಿ ಸ್ಪೇಸ್‌ಲ್ಯಾಬ್ ಎಂಬ ಅಂತರಿಕ್ಷ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕಣ್ಣು ಜಗ್ಗಿತು. ಬಾರಾನಿಯ ವಿವರಣೆ ನಿಜ, ಪೂರ್ತಿ ನಿಜವಲ್ಲ.

ಜಾರಿದ ಹರಳು

ಬಳೆಗಳು ರಸಮಟ್ಟವಾದರೆ, ಅವುಗಳ ಬುಡದ ಎರಡು ಪುಟ್ಟ ಚೀಲಗಳು ತೂಗುಗುಂಡು. ಚೀಲದೊಳಗೆ ರೋಮಕೋಶಗಳ ಹಾಸು, ಅದರ ಮೇಲೆ ಅಂಟಿನ ಪದರ, ಅಂಟಿನ ಮೇಲೆ ಧೂಳಿನಷ್ಟು ಸಣ್ಣ ಸುಣ್ಣದ ಹರಳುಗಳು. ಮೊಟ್ಟೆಯ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಇವುಗಳಲ್ಲೂ ಇರುವುದು. ತಲೆ ವಾಲಿದರೆ ಹರಳಿನ ಭಾರ ಅತ್ತ ಜಗ್ಗುತ್ತದೆ. ಬಸ್ಸು ಜರ್ರನೆ ಹೊರಟರೆ ಹರಳು ಹಿಂದುಳಿಯುತ್ತದೆ, ಲಿಫ್ಟು ಇಳಿದರೆ ಹಗುರಾಗುತ್ತದೆ. ಕಣ್ಣು ಮುಚ್ಚಿದ್ದರೂ ಮೇಲಾವುದು, ಕೆಳಗಾವುದು ತಿಳಿಯುವುದು ಇದರಿಂದ.

ಕೆಲವೊಮ್ಮೆ ಈ ಹರಳು ಅಂಟಿನಿಂದ ಕಳಚಿ ಪಕ್ಕದ ಬಳೆಯೊಳಕ್ಕೆ ಉರುಳುತ್ತದೆ. ಬೆಳಗಿನ ಜಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ ಕೂಡಲೇ ಸೂರು ಗಿರ್ರನೆ ತಿರುಗುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ, ಮತ್ತೆ ಅದೇ ಮಗ್ಗುಲಿಗೆ ಹೊರಳಿದರೆ ಮತ್ತೆ ತಿರುಗುತ್ತದೆ. ಮನೆಯವರು ಪಿತ್ತ ಕೆರಳಿದೆ ಎಂದು ನಿಂಬೆರಸ ಕೊಡುತ್ತಾರೆ, ಬಿಪಿ ನೋಡಿಸುತ್ತಾರೆ. ತಪ್ಪಿತಸ್ಥ ಕಣ್ಣಿಗೆ ಕಾಣದ ಒಂದು ಚಿಟಿಕೆ ಸುಣ್ಣ. ಅಮೆರಿಕದ ಜಾನ್ ಎಪ್ಲಿ ಎಂಬ ವೈದ್ಯ ಇದಕ್ಕೆ ಮಾತ್ರೆಯಿಲ್ಲದ ಮದ್ದು ಕಂಡುಕೊಂಡು 1992ರಲ್ಲಿ ಪ್ರಕಟಿಸಿದ: ರೋಗಿಯನ್ನು ಮಲಗಿಸಿ, ತಲೆಯನ್ನು ಕ್ರಮವಾಗಿ ತಿರುಗಿಸುತ್ತ, ಹರಳನ್ನು ಬಂದ ದಾರಿಯಲ್ಲೇ ಚೀಲಕ್ಕೆ ಮರಳಿಸುವುದು. ಸಂದಿಗೆ ಹೊಕ್ಕ ಗೋಲಿಯನ್ನು ಡಬ್ಬಿ ಓರೆ ಮಾಡಿ ಹೊರತರುವ ಉಪಾಯವೇ ಇದು. ಐದು-ಹತ್ತು ನಿಮಿಷದ ಕೆಲಸ. ಅನುಭವಿ ಕಿವಿ-ಮೂಗು-ಗಂಟಲು ವೈದ್ಯರು ಮಾಡಿದರೆ ಎಷ್ಟೋ ಮಂದಿ ಆವತ್ತೇ ಗುಣ ಕಾಣುತ್ತಾರೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ಮಾತ್ರ ಅದು ಹರಳಿನ ಕೆಲಸವಲ್ಲ. ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಸಮತೋಲದ ಈ ಉಪಕರಣ ಪೂರ್ತಿ ಕೆಟ್ಟುಹೋದರೆ ಏನಾಗುತ್ತದೆ? 1950ರ ದಶಕದ ಕೊನೆಯಲ್ಲಿ, ಮನುಷ್ಯ ಅಂತರಿಕ್ಷಕ್ಕೆ ಹೋಗುವ ಮುನ್ನ, ಅಮೆರಿಕದ ನೌಕಾಪಡೆ ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಪ್ರಯೋಗಕ್ಕೆ ಕರೆದುಕೊಂಡಿತು. ಅವರಲ್ಲಿ ಹತ್ತು ಮಂದಿಯ ಒಳಕಿವಿಯನ್ನು ಬಾಲ್ಯದ ಮೆದುಳುಪೊರೆಯ ಜ್ವರ ಹಾಳುಮಾಡಿತ್ತು. ಅಬ್ಬರದ ಕಡಲಿನಲ್ಲಿ ಹಡಗು ಹೊಯ್ದಾಡುವಾಗ ಇವರು ಇಸ್ಪೀಟು ಆಡುತ್ತ ಕೂತಿದ್ದರು. ಇವರನ್ನು ಪರೀಕ್ಷಿಸಬೇಕಾದ ವಿಜ್ಞಾನಿಗಳು ವಾಂತಿಯಾಗಿ ಸುಸ್ತಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಕಣ್ಣಿನ ಜೊತೆ ಜಗಳವಾಡುವ ಒಳಕಿವಿ ಆ ಹನ್ನೊಂದು ಮಂದಿಗೆ ಇರಲಿಲ್ಲ. ಘಾಟಿಯ ಬಸ್ಸಿನಲ್ಲಿ ಮೊಬೈಲು ನೋಡುತ್ತ ಕೂತವರಿಗೆ ಹೊಟ್ಟೆ ತೊಳಸುವುದೂ ಇದೇ ಜಗಳದಿಂದ: ಕೂತಲ್ಲೇ ಇದ್ದೇವೆ ಎನ್ನುತ್ತದೆ ಕಣ್ಣು, ತಿರುವು ಬಂತು ಎನ್ನುತ್ತದೆ ಕಿವಿ. ತಲೆಯೆತ್ತಿ ದೂರದ ರಸ್ತೆ ನೋಡಿದರೆ ಇಬ್ಬರಿಗೂ ರಾಜಿಯಾಗುತ್ತದೆ.

ಮತ್ತೆ ಮೊಳೆಯದ ಕೂದಲು

ಒಳಕಿವಿ ತಾಯ ಹೊಟ್ಟೆಯಲ್ಲೇ ವಯಸ್ಕರ ಅಳತೆಗೆ ಬೆಳೆದು ನಿಲ್ಲುತ್ತದೆ. ಆಗ ಕೊಟ್ಟ ಹದಿನೈದು ಸಾವಿರ ಚಿಲ್ಲರೆ ರೋಮಕೋಶಗಳೇ ಒಂದು ಶಂಖದ ಜೀವಮಾನದ ಬಂಡವಾಳ. ಕೋಳಿಮರಿಯ ಕಿವಿಯಲ್ಲಿ ಸತ್ತ ಕೋಶದ ಜಾಗಕ್ಕೆ ಹೊಸದು ಹುಟ್ಟುತ್ತದೆ ಎಂದು 1980ರ ದಶಕದಲ್ಲಿ ತಿಳಿದುಬಂತು. ನಮ್ಮ ಶಂಖದಲ್ಲಿ ಹಾಗೆ ಹುಟ್ಟುವುದಿಲ್ಲ. ಬಾಗಿಲ ಬಳಿಯ, ತಾರಸ್ವರ ಹಿಡಿಯುವ ಕೋಶಗಳೇ ಮೊದಲು ಹೋಗುತ್ತವೆ. ಸ, ಶ, ತ ಮುಂತಾದ ವ್ಯಂಜನಗಳ ಚೂಪು ಇರುವುದು ಅಲ್ಲಿ. 'ಕೇಳಿಸುತ್ತೆ ಕಣೋ, ಏನಂದೆ ಅಂತ ಗೊತ್ತಾಗಲ್ಲ' ಎಂದು ಅಜ್ಜ ಹೇಳುವುದು ಅಕ್ಷರಶಃ ನಿಜ. ಅವರೆದುರು ಕಿರುಚುವುದರಿಂದ ಲಾಭವಿಲ್ಲ. ಎದುರಿಗೆ ಕೂತು ನಿಧಾನವಾಗಿ, ಬಿಡಿಸಿ ಮಾತಾಡಬೇಕು.

ದೊಡ್ಡ ಸದ್ದಿಗೂ ಈ ಕೋಶಗಳು ಸಾಯುತ್ತವೆ. ಅಂಥ ಸದ್ದಿಗೆ ರಿಕಾಪನ್ನು ಬಿಗಿಹಿಡಿಯುವ ಪುಟ್ಟ ಸ್ನಾಯುವೊಂದು ನಡುಗಿವಿಯಲ್ಲಿದೆ. ಆದರೆ ಅದು ಎಚ್ಚೆತ್ತು ಬಿಗಿಯುವಷ್ಟರಲ್ಲಿ ದೀಪಾವಳಿಯ ಪಟಾಕಿ ಸಿಡಿದು ಮುಗಿದಿರುತ್ತದೆ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ಲಿಗೆ ವಾರಕ್ಕೆ ಸಿಗುವುದು ನಾಲ್ಕೇ ಗಂಟೆ. ಡಿಜೆ ಪೆಟ್ಟಿಗೆಯ ಮುಂದೆ ಕುಣಿದು ಬಂದ ರಾತ್ರಿ ಕಿವಿ ಗುಂಯ್‌ಗುಟ್ಟಿದರೆ, ಅಷ್ಟು ಹೊತ್ತಿನ ಸದ್ದು ಮಿತಿ ದಾಟಿತ್ತೆಂದು ತಿಳಿಯಿರಿ. ಮುಂದಿನ ಸಲ ಪೆಟ್ಟಿಗೆಯಿಂದ ದೂರ ನಿಲ್ಲಿ, ಅಥವಾ ಎರಡು ಕಾಸಿನ ನಾಚಿಕೆ ಬಿಟ್ಟು ಕಿವಿಗೆ ಬಿರಡೆ ಹಾಕಿಕೊಳ್ಳಿ.